ರಿಪೇರಿಯಿಂದ ಕೆಟ್ಟ ಲ್ಯಾಪ್‌ಟಾಪ್: ದೋಷವನ್ನು ಎಲ್ಲಿಂದ ಹುಡುಕಬೇಕು?

(ಮಡಿಕೇರಿಯಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರಿಪೇರಿ ಕಸುಬು ಕಲಿಯುತ್ತಿರುವ ಯುವಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ಶಿಕ್ಷಕರಿಗೆ, ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಲ್ಯಾಪ್‌ಟಾಪ್ ತಾನಾಗಿಯೇ ಕೆಟ್ಟರೆ ಏನು ಮಾಡಬೇಕು ಎಂದು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ನಾನು ಇಂದು ಎತ್ತಿಕೊಂಡಿರುವುದು ಅದಕ್ಕಿಂತ ಕಿರಿದಾದ, ಆದರೆ ಹೆಚ್ಚು ತೊಡಕಿನ ಪ್ರಶ್ನೆ. ಒಮ್ಮೆ ರಿಪೇರಿಗೆ ಹೋಗಿ, ಹೋಗುವಾಗ ಇದ್ದುದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಮನೆಗೆ ಮರಳಿದ ಲ್ಯಾಪ್‌ಟಾಪಿನ ದೋಷವನ್ನು ಎಲ್ಲಿಂದ ಹುಡುಕಲು ಆರಂಭಿಸಬೇಕು? ಫ್ಯಾನ್ ಸದ್ದು ಮಾಡುತ್ತಿದೆ ಎಂದು ಕೊಟ್ಟ ಯಂತ್ರದಲ್ಲಿ ಈಗ ಕೀಬೋರ್ಡಿನ ಕೆಲವು ಕೀಗಳು ಕೆಲಸ ಮಾಡುವುದಿಲ್ಲ. ಪರದೆ ಒಡೆದಿತ್ತೆಂದು ಕೊಟ್ಟದ್ದರಲ್ಲಿ ಹೊಸ ಪರದೆಯೇನೋ ಬಂದಿದೆ, ಆದರೆ ಪಕ್ಕದ ಕೋಣೆಗೆ ಹೋದರೆ ವೈಫೈ ಸಿಗುವುದಿಲ್ಲ. ಹಿಂಜ್ (ಪರದೆಯನ್ನು ತಳಕ್ಕೆ ಕೂಡಿಸುವ ತಿರುಗಣಿ) ಸರಿಮಾಡಿಸಲು ಕೊಟ್ಟದ್ದು ಆನ್ ಆಗುವುದೇ ಇಲ್ಲ. ಇಂಥದ್ದನ್ನು ಎರಡನೆಯ ಅಂಗಡಿಗೆ ಒಯ್ದರೆ ಹೆಚ್ಚಾಗಿ ಕೇಳಿಬರುವ ತೀರ್ಪು 'ಬೋರ್ಡ್ ಹೋಗಿದೆ' ಎಂಬುದು. ಮದರ್‌ಬೋರ್ಡ್ (ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಬೋರ್ಡ್) ಬದಲಿಸುವ ಖರ್ಚು ಹಳೆಯ ಲ್ಯಾಪ್‌ಟಾಪಿನ ಬೆಲೆಯನ್ನೇ ಮುಟ್ಟುವುದರಿಂದ, ಆ ಮಾತಿನೊಂದಿಗೆ ಯಂತ್ರವು ಅಟ್ಟ ಸೇರುತ್ತದೆ.

ಈ ತೀರ್ಪನ್ನು ಅಷ್ಟು ಬೇಗ ಒಪ್ಪಬಾರದು ಎಂಬುದೇ ನನ್ನ ಇಂದಿನ ಮಾತಿನ ತಿರುಳು. ನಮ್ಮ ಜಿಲ್ಲೆಯಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ದಾರಿ. ಭಾಗಮಂಡಲದ ಕಡೆಯವರಿಗೆ, ನಾಪೋಕ್ಲು ಕಡೆಯವರಿಗೆ ಅದು ಇನ್ನೂ ದೂರ. ಕಂಪನಿಯ ಸರ್ವಿಸ್ ಸೆಂಟರನ್ನು ಹುಡುಕಿಕೊಂಡು ಅಷ್ಟು ದೂರ ಹೋಗಿ, ಯಂತ್ರವನ್ನು ಅಲ್ಲಿ ಬಿಟ್ಟು, ಮತ್ತೊಮ್ಮೆ ತರಲು ಹೋಗಬೇಕೆಂದರೆ ಮನೆಯವರಿಗೆ ಎರಡು ದಿನದ ಕೆಲಸ ಹಾಳು. ಕಾಫಿ ಕೊಯ್ಲಿನ ಹೊತ್ತಿನಲ್ಲಾದರೆ ಅದೂ ಸಾಧ್ಯವಿಲ್ಲ. ಹಾಗಾಗಿ ಹತ್ತಿರದಲ್ಲಿ ಯಾರು ಸಿಗುತ್ತಾರೋ ಅವರ ಕೈಗೆ ಯಂತ್ರವನ್ನು ಕೊಡುತ್ತೇವೆ. ಅವರಲ್ಲಿ ಬಹಳ ಒಳ್ಳೆಯ ಕೆಲಸಗಾರರು ಇದ್ದಾರೆ. ಮೊಬೈಲ್ ರಿಪೇರಿಯ ಅನುಭವದ ಮೇಲೆ ಲ್ಯಾಪ್‌ಟಾಪನ್ನೂ ಬಿಚ್ಚುವವರು ಇದ್ದಾರೆ.

ತಾನಾಗಿ ಕೆಟ್ಟ ಯಂತ್ರದಲ್ಲಿ ನಾವು ಲಕ್ಷಣವನ್ನು ಹಿಡಿದು ಕಾರಣದ ಕಡೆಗೆ ಹೋಗುತ್ತೇವೆ. ಚಾರ್ಜ್ ಆಗುತ್ತಿಲ್ಲವೆಂದರೆ ಚಾರ್ಜರ್, ಚಾರ್ಜರ್ ಸರಿಯಿದ್ದರೆ ಜ್ಯಾಕ್, ಜ್ಯಾಕ್ ಸರಿಯಿದ್ದರೆ ಬ್ಯಾಟರಿ, ಆಮೇಲೆ ಬೋರ್ಡ್. ಒಬ್ಬರ ಕೈಯಾಡಿ ಬಂದ ಯಂತ್ರದಲ್ಲಿ ಈ ಕ್ರಮ ನಮ್ಮನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಅಲ್ಲಿ ಇರುವುದು ಒಂದು ದೋಷವಲ್ಲ. ಮೊದಲು ಇದ್ದದ್ದು ಒಂದು, ಬಿಚ್ಚಿ ಜೋಡಿಸುವಾಗ ಸೇರಿಕೊಂಡದ್ದು ಇನ್ನೊಂದು. ಎರಡರ ಲಕ್ಷಣಗಳೂ ಒಂದರ ಮೇಲೊಂದು ಬಿದ್ದಿರುತ್ತವೆ. ಆದ್ದರಿಂದ ಇಲ್ಲಿ ಮೊದಲು ಹುಡುಕಬೇಕಾದದ್ದು ಹಿಂದಿನ ಕೆಲಸಗಾರನ ಕೈ ಹೋದ ದಾರಿಯನ್ನು. ಅವನು ಯಾವ ಸ್ಕ್ರೂ ಬಿಚ್ಚಿದ, ಯಾವ ಕೇಬಲ್ ಎಳೆದ, ಯಾವ ಭಾಗವನ್ನು ಎತ್ತಿದ ಎಂಬುದು ತಿಳಿದರೆ ಹೊಸ ದೋಷವು ಬಹುಪಾಲು ಆ ದಾರಿಯಲ್ಲಿಯೇ ಸಿಗುತ್ತದೆ. ಹಾಗೆ ಸಿಗುವ ದೋಷ ಹೆಚ್ಚಾಗಿ ಸಡಿಲವಾದ ಕೇಬಲ್, ಮುರಿದ ಲಾಕ್, ತಪ್ಪು ಸ್ಕ್ರೂ ಇಂಥದ್ದೇ ಆಗಿರುತ್ತದೆ. ಚಿಪ್ ಸುಟ್ಟಿರುವುದು ಅಪರೂಪ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಯಂತ್ರದ ಮಾಲೀಕರನ್ನು ಕೂರಿಸಿಕೊಂಡು ಸಮಾಧಾನದಿಂದ ಕೇಳಬೇಕು. ಯಾವ ತೊಂದರೆಗೆಂದು ಕೊಟ್ಟಿರಿ? ಏನು ಮಾಡಿದ್ದೇವೆಂದು ಅಂಗಡಿಯವರು ಹೇಳಿದರು? ಯಾವ ಭಾಗ ಬದಲಾಯಿತು, ಹಳೆಯದನ್ನು ಹಿಂದಿರುಗಿಸಿದರೇ? ಮನೆಗೆ ತಂದ ದಿನವೇ ಈ ತೊಂದರೆ ಇತ್ತೇ, ಅಥವಾ ಒಂದು ವಾರ ಸರಿಯಾಗಿ ನಡೆದು ಆಮೇಲೆ ಶುರುವಾಯಿತೇ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ತಂದ ದಿನವೇ ಇದ್ದ ದೋಷವು ಜೋಡಣೆಯ ದೋಷವಾಗಿರುವ ಸಾಧ್ಯತೆ ಹೆಚ್ಚು. ಮುಚ್ಚಳವನ್ನು ತೆರೆದು ಮುಚ್ಚುತ್ತಾ ಕೆಲವು ದಿನಗಳಾದ ಮೇಲೆ ಬಂದದ್ದು ಹಿಂಜಿನ ಬಳಿ ಸಿಕ್ಕಿಹಾಕಿಕೊಂಡ ಕೇಬಲ್ ಆಗಿರಬಹುದು. ಅರ್ಧ ಗಂಟೆ ಬಳಸಿದ ಮೇಲೆಯೇ ಬರುವುದಾದರೆ ಶಾಖದ ಕಡೆಗೆ ನೋಡಬೇಕು. ನಮ್ಮಲ್ಲಿ ಅಂಗಡಿಗೆ ಯಂತ್ರವನ್ನು ತರುವವರು ತಂದೆಯೋ ಚಿಕ್ಕಪ್ಪನೋ ಆಗಿದ್ದು, ಬಳಸುವ ಮಗಳು ಹಾಸ್ಟೆಲಿನಲ್ಲಿರುತ್ತಾಳೆ. ಅವಳಿಗೊಂದು ಫೋನ್ ಮಾಡಿ ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಆಮೇಲೆ ಯಂತ್ರವನ್ನು ಬೋರಲು ಹಾಕಿ, ಒಳ್ಳೆಯ ಬೆಳಕಿನಲ್ಲಿ ತಳವನ್ನು ನೋಡಿರಿ. ಸ್ಕ್ರೂಗಳು ಬಹಳಷ್ಟನ್ನು ಹೇಳುತ್ತವೆ. ತಲೆ ತಿರುಚಿಹೋದ ಸ್ಕ್ರೂ ಇದ್ದಲ್ಲಿ ಸರಿಯಾದ ಅಳತೆಯ ಬಿಟ್ ಬಳಸಿಲ್ಲವೆಂದು ಅರ್ಥ. ಅಂಚಿನ ಸುತ್ತ ಪ್ಲಾಸ್ಟಿಕ್ ಕಚ್ಚುಹೋಗಿದ್ದರೆ ಒಳಗಿನ ಕ್ಲಿಪ್‌ಗಳನ್ನು ಲೋಹದ ಚೂಪಿನಿಂದ ಮೀಟಿದ್ದಾರೆ. ಆ ಚೂಪು ಒಳಗಿನ ಬೋರ್ಡಿನ ಅಂಚಿಗೂ ತಾಗಿರಬಹುದು. ರಬ್ಬರ್ ಪಾದಗಳ ಕೆಳಗೆ ಅಡಗಿರುವ ಸ್ಕ್ರೂಗಳು ಹಾಗೆಯೇ ಉಳಿದಿದ್ದರೆ, ಅವನ್ನು ಬಿಚ್ಚದೆಯೇ ತಳವನ್ನು ಎಳೆದು ತೆಗೆದಿದ್ದಾರೆಂದು ಊಹಿಸಬಹುದು. ಯಂತ್ರವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಾಡಿಸಿ ಕೇಳಿರಿ. ಒಳಗೆ ಒಂದು ಸಣ್ಣ ಸ್ಕ್ರೂ ಉರುಳುವ ಸದ್ದು ಬಂದರೆ, ಅದನ್ನು ಹೊರತೆಗೆಯುವವರೆಗೆ ಚಾರ್ಜರ್ ಹಾಕಬಾರದು. ಆ ಸ್ಕ್ರೂ ಎರಡು ಬಿಂದುಗಳ ನಡುವೆ ಕೂತರೆ ಅದುವರೆಗೆ ಸರಿಯಿದ್ದ ಬೋರ್ಡು ನಿಜವಾಗಿಯೂ ಹೋಗುತ್ತದೆ.

ಸ್ಕ್ರೂಗಳ ಉದ್ದದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದೇ ಲ್ಯಾಪ್‌ಟಾಪಿನಲ್ಲಿ ಒಂದೇ ದಪ್ಪದ, ಆದರೆ 3, 5, 8 ಮಿಲಿಮೀಟರ್ ಹೀಗೆ ಬೇರೆ ಬೇರೆ ಉದ್ದದ ಸ್ಕ್ರೂಗಳು ಇರುವುದು ಸಾಮಾನ್ಯ. ಬಿಚ್ಚುವಾಗ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದವರು ಜೋಡಿಸುವಾಗ ಕೈಗೆ ಸಿಕ್ಕಿದ್ದನ್ನು ತಿರುಗಿಸುತ್ತಾರೆ. ಗಿಡ್ಡದು ಇರಬೇಕಾದ ಜಾಗಕ್ಕೆ ಉದ್ದದ ಸ್ಕ್ರೂ ಹೋದರೆ ಅದರ ತುದಿ ಎದುರಿನ ಪ್ಲಾಸ್ಟಿಕ್ಕನ್ನು ಒತ್ತುತ್ತದೆ. ಕೈ ಊರುವ ಜಾಗದಲ್ಲಿ, ಟಚ್‌ಪ್ಯಾಡಿನ ಪಕ್ಕ, ಅಕ್ಕಿಕಾಳಿನಷ್ಟು ಚಿಕ್ಕ ಉಬ್ಬೊಂದು ಬೆರಳಿಗೆ ಸಿಗುತ್ತದೆ. ಓರೆ ಬೆಳಕಿನಲ್ಲಿ ಅದು ಕಣ್ಣಿಗೂ ಕಾಣುತ್ತದೆ. ಆ ಉಬ್ಬಿನ ನೇರ ಕೆಳಗಿನ ಸ್ಕ್ರೂ ತಪ್ಪಾದದ್ದು. ಪ್ಲಾಸ್ಟಿಕ್ ಉಬ್ಬಿದರೆ ಅದು ಅಂದದ ಹಾನಿ ಮಾತ್ರ. ಅದೇ ಸ್ಕ್ರೂ ಬೋರ್ಡನ್ನು ಹಾದು ಹೋಗುವ ಜಾಗದಲ್ಲಿದ್ದರೆ ಬೋರ್ಡಿನ ಒಳಪದರದ ತಾಮ್ರದ ಗೆರೆಗಳನ್ನು ಕೊರೆಯಬಹುದು. ಬ್ಯಾಟರಿಯ ಪಕ್ಕದಲ್ಲಿದ್ದರೆ ಬ್ಯಾಟರಿಯ ಹೊದಿಕೆಯನ್ನೇ ಚುಚ್ಚಬಹುದು, ಅದು ಬೆಂಕಿಗೆ ಕಾರಣವಾಗುವ ಅಪಾಯ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಬಹುತೇಕ ಮಾದರಿಗಳ ಸರ್ವಿಸ್ ಕೈಪಿಡಿಗಳನ್ನು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಇಟ್ಟಿವೆ. ಯಾವ ಜಾಗಕ್ಕೆ ಯಾವ ಅಳತೆಯ ಸ್ಕ್ರೂ ಎಂಬುದು ಅಲ್ಲಿ ಸಿಗುತ್ತದೆ. ಕಸುಬು ಕಲಿಯುತ್ತಿರುವವರು ಯಂತ್ರವನ್ನು ಬಿಚ್ಚುವ ಮೊದಲು ಆ ಕೈಪಿಡಿಯನ್ನು ಇಳಿಸಿಕೊಂಡು ಓದುವುದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಳ ತೆರೆದೊಡನೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರನ್ನು ಬಿಡಿಸುವುದು. ಯಂತ್ರ ಆಫ್ ಆಗಿದ್ದರೂ ಬೋರ್ಡಿನ ಕೆಲವು ಭಾಗಗಳಲ್ಲಿ ಬ್ಯಾಟರಿಯ ವಿದ್ಯುತ್ ಯಾವಾಗಲೂ ಇರುತ್ತದೆ. ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಅದರಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಬ್ಯಾಟರಿ ಬಿಡಿಸಿದ ಮೇಲೆ ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಕೆಪಾಸಿಟರ್‌ಗಳಲ್ಲಿ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಭಾಗಗಳಲ್ಲಿ) ಉಳಿದ ವಿದ್ಯುತ್ತೂ ಇಳಿದುಹೋಗುತ್ತದೆ. ಇದೊಂದು ಕೆಲಸ ಬಿಟ್ಟುಹೋದ ಕಾರಣಕ್ಕೆ ಆಗುವ ಹಾನಿಗೆ ಪರದೆಯ ಕೇಬಲ್ ಒಳ್ಳೆಯ ಉದಾಹರಣೆ. ಆ ಕೇಬಲಿನ ಕೂದಲಿನಂಥ ಪಿನ್‌ಗಳಲ್ಲಿ ಕೆಲವು ಪರದೆಯ ಹಿಂಬೆಳಕಿಗೆ ಬ್ಯಾಟರಿಯಷ್ಟೇ ಅಥವಾ ಚಾರ್ಜರಿನಷ್ಟೇ ವೋಲ್ಟೇಜನ್ನು ಒಯ್ಯುತ್ತವೆ. ಅವುಗಳಿಂದ ಸ್ವಲ್ಪವೇ ದೂರದಲ್ಲಿ ಒಂದು ವೋಲ್ಟ್‌ಗಿಂತ ಕಡಿಮೆಯ ಚಿತ್ರಸಂಕೇತದ ಗೆರೆಗಳಿವೆ. ವಿದ್ಯುತ್ ಇರುವಾಗಲೇ ಕೇಬಲನ್ನು ಓರೆಯಾಗಿ ಸಿಕ್ಕಿಸಿದರೆ ಒಂದು ಇನ್ನೊಂದಕ್ಕೆ ತಾಗುತ್ತದೆ. ಅದೃಷ್ಟವಿದ್ದರೆ ಹಿಂಬೆಳಕಿನ ಫ್ಯೂಸ್ ಮಾತ್ರ ಹೋಗುತ್ತದೆ; ಇಲ್ಲದಿದ್ದರೆ ಪ್ರೊಸೆಸರಿನ ಚಿತ್ರಭಾಗದವರೆಗೂ ಹಾನಿ ಮುಟ್ಟುತ್ತದೆ. ರಿಪೇರಿಯಿಂದ ಬಂದ ಯಂತ್ರದ ಪರದೆ ಕಪ್ಪಾಗಿದ್ದರೆ, ಅದನ್ನು ಕತ್ತಲೆ ಕೋಣೆಗೆ ಒಯ್ದು ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಚಿತ್ರ ಮಸುಕಾಗಿ ಕಂಡರೆ ಬೋರ್ಡು ಕೆಲಸ ಮಾಡುತ್ತಿದೆ, ಹಿಂಬೆಳಕು ಮಾತ್ರ ಹೋಗಿದೆ. ಏನೂ ಕಾಣದಿದ್ದರೆ ಟಿವಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿ ನೋಡಿರಿ. ಅಲ್ಲಿ ಚಿತ್ರ ಬಂದರೆ ಹುಡುಕಾಟವನ್ನು ಪರದೆ ಮತ್ತು ಅದರ ಕೇಬಲ್ಲಿಗೆ ಸೀಮಿತಗೊಳಿಸಬಹುದು.

ಇನ್ನು ರಿಬ್ಬನ್ ಕೇಬಲ್‌ಗಳು. ಕೆಟ್ಟ ರಿಪೇರಿಯ ದೋಷಗಳಲ್ಲಿ ದೊಡ್ಡ ಪಾಲು ಇವುಗಳದ್ದೇ ಎಂಬುದು ನನ್ನ ಅನುಭವ. ಕೀಬೋರ್ಡ್, ಟಚ್‌ಪ್ಯಾಡ್, ಪವರ್ ಬಟನ್, ಪಕ್ಕದ ಯುಎಸ್‌ಬಿ ಬೋರ್ಡ್ ಇವೆಲ್ಲ ಮದರ್‌ಬೋರ್ಡಿಗೆ ಸೇರುವುದು ಕಾಗದದಷ್ಟು ತೆಳ್ಳಗಿನ ಚಪ್ಪಟೆ ಪಟ್ಟಿಗಳಿಂದ. ಆ ಪಟ್ಟಿಯನ್ನು ಹಿಡಿದುಕೊಳ್ಳುವ ಕನೆಕ್ಟರಿಗೆ ಒಂದು ಪುಟ್ಟ ಲಾಕ್ ಇರುತ್ತದೆ. ಕೆಲವದರಲ್ಲಿ ಅದನ್ನು ಉಗುರಿನಿಂದ ಮೇಲಕ್ಕೆ ಎತ್ತಬೇಕು, ಕೆಲವದರಲ್ಲಿ ಎರಡೂ ಕಡೆಯಿಂದ ಹೊರಕ್ಕೆ ಜಾರಿಸಬೇಕು. ಯಾವುದು ಯಾವ ಬಗೆಯದೆಂದು ನೋಡದೆ ಎಳೆದವರು ಲಾಕನ್ನು ಮುರಿಯುತ್ತಾರೆ, ಇಲ್ಲವೇ ಪಟ್ಟಿಯ ತುದಿಯ ಗೆರೆಗಳನ್ನು ಕಿತ್ತುಹಾಕುತ್ತಾರೆ. ಮುರಿದ ಲಾಕಿನ ಮೇಲೆ ಟೇಪ್ ಅಂಟಿಸಿ ಮುಚ್ಚಿ ಕೊಟ್ಟ ಯಂತ್ರವು ಮೇಜಿನ ಮೇಲೆ ಕೆಲಸ ಮಾಡುತ್ತದೆ. ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಊರು ಸೇರುವಷ್ಟರಲ್ಲಿ ಪಟ್ಟಿ ಸರಿದಿರುತ್ತದೆ.

ಒಂದು ಯಂತ್ರವನ್ನು ಹತ್ತಿರದಿಂದ ನೋಡೋಣ. ಫ್ಯಾನ್ ಸ್ವಚ್ಛಗೊಳಿಸಲೆಂದು ಹೋದ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪದು. ಮರಳಿ ಬಂದ ಮೇಲೆ ಬೇರೆ ಬೇರೆ ಸಾಲಿನಲ್ಲಿದ್ದ ಕೆಲವು ಕೀಗಳು ಒತ್ತಿದರೂ ಮೂಡುತ್ತಿರಲಿಲ್ಲ, ಅವುಗಳ ಪಕ್ಕದ ಕೀಗಳು ಸರಿಯಾಗಿದ್ದವು. ಅಂಗಡಿಯವರು ಕೀಬೋರ್ಡ್ ಬದಲಿಸಬೇಕೆಂದಿದ್ದರು. ಆದರೆ ಹೀಗೆ ಚದುರಿದಂತೆ ಕೀಗಳು ಸಾಯುವುದೇ ಒಂದು ಸುಳಿವು. ತೋಟದಲ್ಲಿ ಗಿಡಗಳನ್ನು ಉದ್ದಕ್ಕೂ ಅಡ್ಡಕ್ಕೂ ಸಾಲು ಹಿಡಿದು ನೆಟ್ಟಂತೆ ಕೀಬೋರ್ಡಿನ ಒಳಗೆ ಉದ್ದದ ಗೆರೆಗಳೂ ಅಡ್ಡದ ಗೆರೆಗಳೂ ಇವೆ; ಪ್ರತಿಯೊಂದು ಕೀ ಒಂದು ಉದ್ದದ ಗೆರೆ ಮತ್ತು ಒಂದು ಅಡ್ಡದ ಗೆರೆ ಕೂಡುವ ಜಾಗ. ಗೆರೆಗಳು ಕೀಗಳ ಕೆಳಗೆ ಬಳಸಿಕೊಂಡು ಹೋಗುವುದರಿಂದ, ಒಂದೇ ಒಂದು ಗೆರೆ ಕಡಿದರೂ ಅದಕ್ಕೆ ಸೇರಿದ ಕೀಗಳೆಲ್ಲ ಕೀಬೋರ್ಡಿನ ಬೇರೆ ಬೇರೆ ಮೂಲೆಗಳಲ್ಲಿ ಒಟ್ಟಿಗೆ ನಿಲ್ಲುತ್ತವೆ. ನೀರು ಬಿದ್ದು ಹಾಳಾದ ಕೀಬೋರ್ಡಿನಲ್ಲಾದರೆ ಹೆಚ್ಚಾಗಿ ಅಕ್ಕಪಕ್ಕದ ಕೀಗಳು ಗುಂಪಾಗಿ ಹೋಗುತ್ತವೆ, ಇಲ್ಲವೇ ತಾವಾಗಿಯೇ ಒತ್ತಿಕೊಳ್ಳುತ್ತವೆ. ತಳ ತೆರೆದು ನೋಡಿದಾಗ ಕೀಬೋರ್ಡಿನ ರಿಬ್ಬನ್ ಕನೆಕ್ಟರಿನಲ್ಲಿ ಓರೆಯಾಗಿ ಕೂತಿತ್ತು. ಪಟ್ಟಿಯ ಮೇಲೆ ಅಚ್ಚು ಮಾಡಿದ ಬಿಳಿ ಗೆರೆ ಕನೆಕ್ಟರಿನ ಅಂಚಿಗೆ ಸಮಾನಾಂತರವಾಗಿ ಇರಬೇಕು. ಇಲ್ಲಿ ಎಡತುದಿಯಲ್ಲಿ ಅದು ಒಳಗೆ ಮುಳುಗಿತ್ತು, ಬಲತುದಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ಹೊರಗೆ ಕಾಣುತ್ತಿತ್ತು. ಲಾಕ್ ತೆಗೆದು, ಪಟ್ಟಿಯನ್ನು ನೇರಮಾಡಿ, ಮತ್ತೆ ಲಾಕ್ ಹಾಕಿದ ಮೇಲೆ ಎಲ್ಲ ಕೀಗಳೂ ಮೂಡಿದವು. ಹೊಸ ಕೀಬೋರ್ಡಿನ ಹಣ ಆ ಹುಡುಗನ ಮನೆಯಲ್ಲಿಯೇ ಉಳಿಯಿತು. ನನಗೆ ಈ ಕೆಲಸದಲ್ಲಿ ಇಷ್ಟು ಆಸ್ಥೆ ಇರುವುದು ಇಂಥದ್ದಕ್ಕಾಗಿ.

ಪರದೆ ಅಥವಾ ಹಿಂಜಿನ ಕೆಲಸವಾದ ಮೇಲೆ ವೈಫೈ ದುರ್ಬಲವಾದರೆ ರೂಟರನ್ನು ದೂರಬೇಡಿ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾಗಳು ಇರುವುದು ಪರದೆಯ ಚೌಕಟ್ಟಿನಲ್ಲಿ. ಅವುಗಳ ಎರಡು ತೆಳು ತಂತಿಗಳು ಹಿಂಜಿನ ಮೂಲಕ ಕೆಳಗಿಳಿದು ವೈಫೈ ಕಾರ್ಡಿನ ಮೇಲೆ ಗುಂಡಿಯಂತೆ ಕೂರುತ್ತವೆ. ಆ ಗುಂಡಿ ಎದ್ದಿದೆಯೇ, ತಂತಿ ಹಿಂಜಿನಲ್ಲಿ ಜಜ್ಜಿಹೋಗಿದೆಯೇ ನೋಡಬೇಕು. ಕೈ ಹೋದ ದಾರಿಯನ್ನು ಹಿಡಿಯಬೇಕು ಎಂದು ನಾನು ಹೇಳಿದ್ದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ: ಪರದೆಗೂ ವೈಫೈಗೂ ಮೇಲ್ನೋಟಕ್ಕೆ ಸಂಬಂಧವಿಲ್ಲ, ಆದರೆ ತಂತಿಯ ದಾರಿ ಒಂದೇ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬದಲಿಸಿದ ಮೇಲೆ ಬರುವ ತೊಂದರೆಗಳು ಇನ್ನೂ ಸರಳ. ಮೊದಲನೆಯದು ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ, ಎರಡನೆಯದು ನಮ್ಮ ಕಡತಗಳು ಉಳಿಯುವ ಜಾಗ. ಡಿಡಿಆರ್3 ಎಂಬ ಹಳೆಯ ತಲೆಮಾರಿನ ರ‍್ಯಾಮ್‌ನಲ್ಲಿ 1.5 ವೋಲ್ಟಿನದೂ 1.35 ವೋಲ್ಟಿನದೂ ಒಂದೇ ಆಕಾರದಲ್ಲಿ ಬಂದಿದ್ದವು. ಕಡಿಮೆ ವೋಲ್ಟಿನದನ್ನೇ ಬೇಡುವ ಯಂತ್ರಕ್ಕೆ ಮತ್ತೊಂದನ್ನು ಹಾಕಿದರೆ ಅದು ಎದ್ದೇಳುವುದಿಲ್ಲ. ಎಂ.2 ಎಂಬ ಪಟ್ಟಿಯಾಕಾರದ ಎಸ್‌ಎಸ್‌ಡಿಗಳಲ್ಲಿ ಸಾಟಾ ಬಗೆಯದೂ ಎನ್‌ವಿಎಂಇ ಬಗೆಯದೂ ನೋಡಲು ಹೆಚ್ಚುಕಡಿಮೆ ಒಂದೇ. ಸ್ಲಾಟು ಒಂದನ್ನು ಮಾತ್ರ ಒಪ್ಪುವುದಾದರೆ ಇನ್ನೊಂದು ಕಾಣಿಸಿಕೊಳ್ಳುವುದೇ ಇಲ್ಲ. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು, ಒಂದೊಂದನ್ನೇ ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿದರೆ ರ‍್ಯಾಮ್ ಕೆಟ್ಟದ್ದೋ ಸ್ಲಾಟ್ ಕೆಟ್ಟದ್ದೋ ತಿಳಿಯುತ್ತದೆ. ಎಚ್‌ಪಿ ಯಂತ್ರಗಳಲ್ಲಿ ಆನ್ ಮಾಡುವಾಗ ಎಫ್2, ಡೆಲ್ ಯಂತ್ರಗಳಲ್ಲಿ ಎಫ್12 ಒತ್ತಿದರೆ ಕಂಪನಿಯೇ ಕೊಟ್ಟ ಹಾರ್ಡ್‌ವೇರ್ ಪರೀಕ್ಷೆಯ ದಾರಿ ಸಿಗುತ್ತದೆ. ವಿಂಡೋಸ್ ಏಳದಿದ್ದರೂ ಅದು ನಡೆಯುತ್ತದೆ.

ಶಾಖದ ವಿಷಯಕ್ಕೆ ಬರೋಣ. 'ಸರ್ವಿಸ್' ಎಂಬ ಹೆಸರಿನಲ್ಲಿ ನಡೆಯುವ ಕೆಲಸ ಹೆಚ್ಚಾಗಿ ಇದೇ: ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಹೊಸ ಪೇಸ್ಟ್ ಹಚ್ಚುವುದು. ಸರಿಯಾಗಿ ಮಾಡಿದರೆ ಯಂತ್ರದ ಆಯುಸ್ಸು ಹೆಚ್ಚುತ್ತದೆ. ತಪ್ಪಾಗಿ ಮಾಡಿದರೆ ಯಂತ್ರ ಮೊದಲಿಗಿಂತ ಬಿಸಿಯಾಗುತ್ತದೆ, ಹಾಗೂ ಹೊರಗಿನಿಂದ ನೋಡಿದವರಿಗೆ ಕಾರಣವೇ ತಿಳಿಯುವುದಿಲ್ಲ. ಪ್ರೊಸೆಸರಿಗೂ ಅದರ ಶಾಖವನ್ನು ಹೊರಗೊಯ್ಯುವ ಲೋಹದ ಭಾಗವಾದ ಹೀಟ್‌ಸಿಂಕಿಗೂ ನಡುವೆ ಪೇಸ್ಟ್ ಇರುವುದು ಲೋಹದ ಮೇಲ್ಮೈಯ ಸಣ್ಣ ತಗ್ಗುಗಳನ್ನು ತುಂಬಿ ಗಾಳಿಯನ್ನು ಹೊರಹಾಕಲು. ಅದು ಎಷ್ಟು ತೆಳುವಾಗಿರುತ್ತದೋ ಅಷ್ಟು ಒಳ್ಳೆಯದು. ಅದಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು. ಮೆಮೊರಿ ಚಿಪ್‌ಗಳ ಮೇಲೆ, ವಿದ್ಯುತ್ ಒದಗಿಸುವ ಭಾಗಗಳ ಮೇಲೆ ಅವನ್ನು ಹಾಕಿರುತ್ತಾರೆ. ಹಳೆಯ ಪ್ಯಾಡ್ ಹರಿದುಹೋಯಿತೆಂದು ಅದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪದ್ದನ್ನು ಹಾಕಿದರೆ, ಇಡೀ ಹೀಟ್‌ಸಿಂಕ್ ಆ ಕಡೆ ಎದ್ದು ನಿಲ್ಲುತ್ತದೆ ಮತ್ತು ಪ್ರೊಸೆಸರಿನ ಮೇಲೆ ಕೂರುವುದಿಲ್ಲ. ಪೇಸ್ಟ್ ಎಷ್ಟೇ ಬೆಲೆಯದಾದರೂ ಆಗ ಪ್ರಯೋಜನವಿಲ್ಲ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಅಂಕಿಗಳನ್ನು ಕೆತ್ತಿರುತ್ತಾರೆ. ಆ ಕ್ರಮದಲ್ಲಿ, ಒಂದನ್ನೇ ಪೂರ್ತಿ ಬಿಗಿಯದೆ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಂದರೆ ಒತ್ತಡ ಸಮನಾಗಿ ಬೀಳುತ್ತದೆ. ಇಂಟೆಲ್‌ನ ಹಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆದ್ದರಿಂದ ಸರ್ವಿಸ್ ಆದ ಮೇಲೆ ಯಂತ್ರ ನಿಧಾನವಾಯಿತು ಎಂಬ ದೂರು ಬಂದರೆ ವಿಂಡೋಸನ್ನು ಮತ್ತೆ ಹಾಕುವ ಮೊದಲು ತಾಪಮಾನ ತೋರಿಸುವ ತಂತ್ರಾಂಶವೊಂದನ್ನು ಹಾಕಿ ನೋಡಿರಿ. ಏನೂ ಕೆಲಸ ಮಾಡದೆ ಕೂತಿರುವಾಗಲೂ ಅಂಕಿ ನೇರವಾಗಿ ಮೇಲೇರಿದರೆ, ಒಂದೋ ಹೀಟ್‌ಸಿಂಕ್ ಕೂತಿಲ್ಲ, ಇಲ್ಲವೇ ಫ್ಯಾನಿನ ಕೇಬಲ್ ಸಿಕ್ಕಿಸಿಲ್ಲ.

ಯಂತ್ರ ಆನ್ ಆಗುವುದೇ ಇಲ್ಲವೆಂದರೆ ಅತಿ ಕಡಿಮೆ ಭಾಗಗಳಿಂದ ಆರಂಭಿಸಬೇಕು. ಎಸ್‌ಎಸ್‌ಡಿ, ವೈಫೈ ಕಾರ್ಡ್, ಪಕ್ಕದ ಯುಎಸ್‌ಬಿ ಬೋರ್ಡ್ ಎಲ್ಲವನ್ನೂ ಬಿಡಿಸಿ, ಒಂದೇ ರ‍್ಯಾಮ್ ಮತ್ತು ಚಾರ್ಜರ್ ಇಟ್ಟುಕೊಂಡು ನೋಡುವುದು. ಚಾರ್ಜರ್ ಆ ಯಂತ್ರದ್ದೇ ಆಗಿರಲಿ. ದುಂಡು ಪಿನ್ನಿನ ಡೆಲ್ ಚಾರ್ಜರಿನ ನಡುವಿನ ಸೂಜಿಯಂಥ ಪಿನ್ ಯಂತ್ರಕ್ಕೆ ತನ್ನ ಗುರುತು ಹೇಳುತ್ತದೆ. ಆ ಪಿನ್ ಬಾಗಿದ್ದರೆ, ಅಥವಾ ಜ್ಯಾಕ್ ಬದಲಿಸುವಾಗ ಆ ತಂತಿ ಕಡಿದಿದ್ದರೆ, ಯಂತ್ರ ನಡೆದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ವೇಗವೂ ತಗ್ಗುತ್ತದೆ. ಟೈಪ್-ಸಿ ಚಾರ್ಜರ್ ಆದರೆ ಅದು ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ಯಂತ್ರ ಕೇಳಿದ ಮೇಲೆಯೇ 20 ವೋಲ್ಟಿಗೆ ಏರುತ್ತದೆ. ಮೊಬೈಲಿನ ಚಾರ್ಜರ್ ಹಾಕಿ ಲ್ಯಾಪ್‌ಟಾಪ್ ಸತ್ತಿದೆ ಎಂದು ತೀರ್ಮಾನಿಸುವುದು ತಪ್ಪಾಗುವುದು ಈ ಕಾರಣಕ್ಕೆ.

ಇಷ್ಟಾದರೂ ಜೀವ ಬಾರದಿದ್ದರೆ ಬೆಸುಗೆಯ ಗುರುತುಗಳನ್ನು ಹುಡುಕಬೇಕು. ಕಾರ್ಖಾನೆಯ ಬೆಸುಗೆ ಬೋರ್ಡಿನಾದ್ಯಂತ ಒಂದೇ ಬಗೆಯ ಹೊಳಪಿನಲ್ಲಿರುತ್ತದೆ. ಕೈಬೆಸುಗೆ ಆದಲ್ಲಿ ಕಂದುಬಣ್ಣದ ಫ್ಲಕ್ಸಿನ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪದಾರ್ಥದ) ಅಂಟು ಉಳಿದಿರುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕನೆಕ್ಟರ್‌ಗಳು ಬಿಸಿಗಾಳಿಗೆ ಬಾಡಿರುತ್ತವೆ. ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಸೀಸವಿರುವ ಹಳೆಯ ಬಗೆಯದು 183 ಡಿಗ್ರಿಯಲ್ಲೇ ಕರಗುತ್ತದೆ. ಈಗಿನ ಬೋರ್ಡುಗಳು ಸೀಸವಿಲ್ಲದವು. ಅಷ್ಟು ಬಿಸಿಯನ್ನು ಅಳತೆಯಿಲ್ಲದೆ ಊದಿದಾಗ ಪಕ್ಕದ ಪುಟ್ಟ ಕೆಪಾಸಿಟರ್‌ಗಳು ಸರಿಯುತ್ತವೆ, ಕೆಲವು ಹಾರಿಯೇ ಹೋಗುತ್ತವೆ. ಚಿಪ್ಪಿಗೆ ಬಿಸಿ ಊದಿ 'ಸರಿಮಾಡಿದ' ಯಂತ್ರ ಕೆಲವು ವಾರ ನಡೆದು ಮತ್ತೆ ನಿಲ್ಲುವುದು ತೀರಾ ಸಾಮಾನ್ಯ, ಏಕೆಂದರೆ ಮೂಲ ದೋಷ ಹಾಗೆಯೇ ಉಳಿದಿರುತ್ತದೆ. ವಿದ್ಯುತ್ ಪೂರ್ತಿ ತೆಗೆದು, ಮಲ್ಟಿಮೀಟರಿನಲ್ಲಿ ಮುಖ್ಯ ವಿದ್ಯುತ್ ಗೆರೆಗೂ ಗ್ರೌಂಡಿಗೂ ನಡುವಿನ ಪ್ರತಿರೋಧವನ್ನು ಅಳೆದಾಗ ಸೊನ್ನೆಯ ಹತ್ತಿರ ಬಂದರೆ ಅಲ್ಲಿ ಶಾರ್ಟ್ ಇದೆ, ಎಂದರೆ ವಿದ್ಯುತ್ ಅಡ್ಡದಾರಿ ಹಿಡಿದು ನೇರವಾಗಿ ಗ್ರೌಂಡಿಗೆ ಹರಿಯುತ್ತದೆ. ಬಿರುಕುಬಿಟ್ಟ ಒಂದು ಕೆಪಾಸಿಟರ್ ಸಾಕು ಇದಕ್ಕೆ. ಇಲ್ಲಿಂದ ಮುಂದಿನದು ಮೈಕ್ರೋಸ್ಕೋಪ್ ಮತ್ತು ಬೋರ್ಡಿನ ನಕ್ಷೆ ಇರುವವರ ಕೆಲಸ. ಆ ಸಾಧನಗಳಿಲ್ಲದವರು ಇಲ್ಲಿ ಕೈ ತೆಗೆಯುವುದು ಯಂತ್ರಕ್ಕೂ ಮಾಲೀಕರಿಗೂ ಮಾಡುವ ಉಪಕಾರ.

ಹಿಂದಿನ ಕೆಲಸಗಾರನ ಬಗ್ಗೆ ನ್ಯಾಯವಾಗಿ ಯೋಚಿಸುವುದೂ ನಮ್ಮ ಹೊಣೆ. ಕೊಡಗಿನ ಮಳೆಗಾಲವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಯಲ್ಲಿ ಲ್ಯಾಪ್‌ಟಾಪಿನ ಒಳಗೂ ಅದೇ ತೇವ ಇರುತ್ತದೆ. ರ‍್ಯಾಮಿನ ಚಿನ್ನದ ಬಣ್ಣದ ತುದಿಗಳು ಮಂಕಾಗುತ್ತವೆ, ಕನೆಕ್ಟರ್‌ಗಳ ಬುಡದಲ್ಲಿ ಹಸಿರು ಅಥವಾ ಬಿಳಿ ಪುಡಿ ಕೂರುತ್ತದೆ. ಅಂಥ ಪುಡಿ ಯಾರೂ ಬಿಚ್ಚದ ಮೂಲೆಯಲ್ಲಿಯೂ ಕಂಡರೆ ಅದು ರಿಪೇರಿಯಿಂದ ಬಂದದ್ದಲ್ಲ, ಹವೆಯಿಂದಲೋ ಚೆಲ್ಲಿದ ಕಾಫಿಯಿಂದಲೋ ಬಂದದ್ದು. ಬೆಸುಗೆ ಮಾಡಿ ತೊಳೆಯದೆ ಬಿಟ್ಟ ಫ್ಲಕ್ಸಿನ ಸುತ್ತ ಮಾತ್ರ ಕಂಡರೆ ಅದು ಕೆಲಸದ ದೋಷ. ಕೆಲವು ಬಗೆಯ ಫ್ಲಕ್ಸ್ ಉಳಿಕೆಗಳು ತೇವವನ್ನು ಹೀರಿಕೊಂಡು ತಾಮ್ರವನ್ನು ತಿನ್ನುತ್ತವೆ. ಬೇಸಿಗೆಯಲ್ಲಿ ಸರಿಯಾಗಿ ನಡೆದ ರಿಪೇರಿ ಮಳೆ ಹಿಡಿದ ಮೇಲೆ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೃದುವಾದ ಬ್ರಷ್ ಹಿಡಿದು ತೊಳೆದು, ಪೂರ್ತಿ ಒಣಗಿದ ಮೇಲೆ ಜೋಡಿಸಬೇಕು. ತೇವ ಆರಲೆಂದು ಲ್ಯಾಪ್‌ಟಾಪನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ; ಹೊಗೆಯ ಮಸಿಯೂ ಬ್ಯಾಟರಿಗೆ ತಾಗುವ ಬಿಸಿಯೂ ಎರಡೂ ಕೆಟ್ಟವು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜರ್ ಸಿಕ್ಕಿಸಿಯೇ ಬಿಟ್ಟಿದ್ದರೆ, ಅಥವಾ ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಜನರೇಟರಿಗೆ ಬದಲಾಯಿಸುತ್ತಿದ್ದರೆ, ಆ ಹೊಡೆತದಿಂದಲೂ ಯಂತ್ರ ಕೆಟ್ಟಿರಬಹುದು. ಇದನ್ನೆಲ್ಲ ಕೇಳಿ ತಿಳಿಯದೆ ಮೊದಲ ಅಂಗಡಿಯವರ ಮೇಲೆ ತಪ್ಪು ಹೊರಿಸಬಾರದು.

ತಪ್ಪು ಅವರದೇ ಎಂದು ಖಚಿತವಾದರೆ ಗ್ರಾಹಕರಿಗೆ ದಾರಿಯಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಣ ಪಡೆದು ಮಾಡಿದ ರಿಪೇರಿಯೂ ಸೇವೆಯೇ, ಅದರಲ್ಲಿನ ಕೊರತೆಗೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಇದಕ್ಕೆಲ್ಲ ಆಧಾರ ಬೇಕು. ಯಂತ್ರ ಕೊಡುವ ದಿನ ಅದು ಆನ್ ಆಗಿರುವಂತೆ, ಸೀರಿಯಲ್ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ; ತೊಂದರೆಯನ್ನು ರಸೀದಿಯಲ್ಲಿ ಬರೆಸಿರಿ; ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಎರಡನೆಯ ಕೆಲಸಗಾರರಾಗಿ ಯಂತ್ರ ತೆರೆಯುವವರು ಮುರಿದ ಲಾಕನ್ನೋ ತಪ್ಪು ಸ್ಕ್ರೂವನ್ನೋ ಮುಟ್ಟುವ ಮೊದಲೇ ಅದರ ಫೋಟೊ ತೆಗೆದು ಮಾಲೀಕರಿಗೆ ಕೊಡಬೇಕು. ಬಹುತೇಕ ಜಗಳಗಳು ಆ ಫೋಟೊ ತೋರಿಸಿದಲ್ಲಿಯೇ, ಮಾತಿನಲ್ಲಿಯೇ ಬಗೆಹರಿಯುತ್ತವೆ.

ಮಾತಿನ ಕೊನೆಯಲ್ಲಿ ಸಭೆಯಿಂದ ಎರಡು ಪ್ರಶ್ನೆಗಳು ಬಂದವು, ಎರಡೂ ಮುಖ್ಯವಾದವು. ರಿಪೇರಿಯಿಂದ ಬಂದ ಮೇಲೆ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆ, ಬಳಸಬಹುದೇ ಎಂದು ಒಬ್ಬರು ಕೇಳಿದರು. ಬಳಸಬಾರದು. ಟಚ್‌ಪ್ಯಾಡಿನ ಕೆಳಗೆ ಬ್ಯಾಟರಿ ಇರುವ ಯಂತ್ರಗಳಲ್ಲಿ ಆ ಉಬ್ಬು ಊದಿಕೊಂಡ ಬ್ಯಾಟರಿಯ ಗುರುತು. ಚಾರ್ಜರ್ ತೆಗೆದು, ಯಂತ್ರವನ್ನು ಆಫ್ ಮಾಡಿ, ಬಟ್ಟೆ ಕಾಗದಗಳಿಂದ ದೂರ ಇಡಬೇಕು. ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೆ ಹಾಕಬಾರದು. ಬಲ್ಲವರಿಂದ ತೆಗೆಸಿ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.

ಇನ್ನೊಂದು ಪ್ರಶ್ನೆ ಪದವಿ ವಿದ್ಯಾರ್ಥಿನಿಯೊಬ್ಬಳದ್ದು: ಬೋರ್ಡ್ ನಿಜವಾಗಿಯೂ ಹೋಗಿದ್ದರೆ ಅದರಲ್ಲಿರುವ ಪ್ರಾಜೆಕ್ಟ್ ವರದಿ ಸಿಗುತ್ತದೆಯೇ? ಎಸ್‌ಎಸ್‌ಡಿ ಪ್ರತ್ಯೇಕ ಭಾಗವಾಗಿದ್ದರೆ ಅದನ್ನು ಬಿಚ್ಚಿ ಯುಎಸ್‌ಬಿ ಕವಚದೊಳಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಆದರೆ ಈಗಿನ ಹಲವು ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಮಾಲೀಕರಿಗೆ ಗೊತ್ತಿಲ್ಲದೆಯೇ ಹಾಕಿಕೊಂಡಿರುತ್ತದೆ, ಮತ್ತು ಆ ಬೀಗದ ನಂಟು ಮದರ್‌ಬೋರ್ಡಿನ ಭದ್ರತಾ ಚಿಪ್ಪಿನೊಂದಿಗೆ ಇರುತ್ತದೆ. ಬೋರ್ಡ್ ಬದಲಾದರೂ, ಎಸ್‌ಎಸ್‌ಡಿ ಬೇರೆ ಯಂತ್ರಕ್ಕೆ ಹೋದರೂ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ವಿಂಡೋಸ್ ಹಾಕುವಾಗ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಿದ್ದರೆ ಆ ಕೀಲಿ ಸಾಮಾನ್ಯವಾಗಿ ಆ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲಿನಿಂದಲೇ ಖಾತೆಗೆ ಹೋಗಿ ನೋಡಿ ಒಂದು ಕಾಗದದಲ್ಲಿ ಬರೆದುಕೊಳ್ಳಬಹುದು. ಅಂಗಡಿಯಲ್ಲಿ ಹೊಸ ಬೋರ್ಡಿಗೆ ಮುಂಗಡ ಕೊಡುವ ಮೊದಲು ಆ ಕಾಗದ ನಿಮ್ಮ ಕೈಯಲ್ಲಿರಲಿ.